ಕನ್ನಡ ಬೈಬಲ್ ನೋಡಿಕೊಂಡು ಹಾಡಿಯ ಭಾಷೆಗೆ ಒಂದು ಸುವಾರ್ತೆ ಅನುವಾದ ಮಾಡಲು ಎಷ್ಟು ದಿನ ಬೇಕು? ಯಾವ ಸಾಫ್ಟ್‌ವೇರ್ ಒಳ್ಳೆಯದು?

ಅಯ್ಯೋ, ನಾನೂ ಇದನ್ನೇ ಕೇಳಿದ್ದೆ. ಆರು ತಿಂಗಳು ಸಾಕು ಅಂತ ನಾನೇ ಉತ್ತರ ಕೊಟ್ಟುಕೊಂಡು, ದಕ್ಷಿಣ ಕೊಡಗಿನ ಒಂದು ಕಾಫಿ ತೋಟದ ಲೈನ್‌ಮನೆ ಮುಂದೆ ಮಾರ್ಕನ ಸುವಾರ್ತೆ ಹಿಡಿದು ಕೂತೆ. ಅಲ್ಲಿನ ಹಾಡಿಗಳಲ್ಲಿರುವ ಬುಡಕಟ್ಟಿನವರಾದ ಯರವರ ಭಾಷೆಗೆ. ನಾನು ದಾವಣಗೆರೆ ಕಡೆಯವನು. ಬರೀ 16 ಅಧ್ಯಾಯ, ಏನು ಮಹಾ ಅಂದುಕೊಂಡಿದ್ದೆ.

ಎಲ್ಲಾ ಕೆಡಿಸಿದ್ದು 'ನಾವು'. ಕನ್ನಡದಲ್ಲಿ ಒಂದೇ 'ನಾವು'. 'ನಾವು ಪೇಟೆಗೆ ಹೋಗ್ತೀವಿ' ಅಂದರೆ ಕೇಳಿಸಿಕೊಳ್ಳುವವನೂ ಬರುತ್ತಾನೋ ಇಲ್ಲವೋ ಆ ಪದ ಹೇಳುವುದಿಲ್ಲ. ತುಳುವಿನಲ್ಲಿ ಹಾಗಲ್ಲ, ನೀನೂ ಸೇರಿದರೆ 'ನಮ', ನಿನ್ನನ್ನು ಬಿಟ್ಟರೆ 'ಎಂಕುಲು'. ಯರವರಲ್ಲೂ ಹೀಗೇ ಎರಡಿವೆ, ನನಗೆ ಗೊತ್ತಿರಲಿಲ್ಲ. ಕನ್ನಡ ಚೆನ್ನಾಗಿ ಬರುವ ಒಬ್ಬ ಹುಡುಗನನ್ನು 'ನಾವು ಅನ್ನೋಕೆ ನಿಮ್ಮಲ್ಲಿ ಏನಂತೀರಿ?' ಅಂತ ಕೇಳಿದೆ. ನಾನು ಅವರವನಲ್ಲ ಅಲ್ವಾ, ಅವನು ನನ್ನ ಮುಖ ನೋಡಿ ನನ್ನನ್ನು ಬಿಟ್ಟ 'ನಾವು' ಹೇಳಿದ. ನಾನು ಅದನ್ನೇ ಬರೆದುಕೊಂಡು 16 ಅಧ್ಯಾಯಕ್ಕೂ ತುಂಬಿದೆ. ಹಾಡಿಯಲ್ಲಿ ಓದಿದ್ದು 200 ಪ್ರತಿ ಅಚ್ಚಾದ ಮೇಲೆ, ಅದಕ್ಕೂ ಮೊದಲು ಅಲ್ಲ. ಅದು ಇನ್ನೊಂದು ದಡ್ಡತನ.

ನಾಲ್ಕನೇ ಅಧ್ಯಾಯದಲ್ಲಿ ಯೇಸು ಶಿಷ್ಯರಿಗೆ 'ನಾವು ಆಚೇ ದಡಕ್ಕೆ ಹೋಗೋಣ' ಅನ್ನುತ್ತಾನೆ. ಅಲ್ಲಿಗೆ ಬಂದಾಗ ಒಬ್ಬ ಅಜ್ಜಿ ನಕ್ಕಳು. 'ಇವರನ್ನೆಲ್ಲ ಇಲ್ಲೇ ಬಿಟ್ಟು ಯಾರ ಜೊತೆ ಹೋಗ್ತಾನಂತೆ?'

ಸ್ವಲ್ಪ ಕೆಳಗೇ ಬಿರುಗಾಳಿ. 'ನಾವು ಸಾಯ್ತಾ ಇದ್ದೇವೆ, ನಿನಗೆ ಚಿಂತೆಯಿಲ್ಲವೇ' ಅಂತ ಶಿಷ್ಯರು ಮಲಗಿದ್ದವನನ್ನು ಎಬ್ಬಿಸುತ್ತಾರೆ. ಅವನೂ ಸೇರಿಯಾ, ಅವನನ್ನು ಬಿಟ್ಟಾ? ಗ್ರೀಕ್ ಮೂಲದಲ್ಲೂ ಈ ಭೇದವಿಲ್ಲ, ತೆಗೆದು ನೋಡಿ ಪ್ರಯೋಜನವಿಲ್ಲ. ಹಾಡಿಯವರು ಕತ್ತಲಾಗುವವರೆಗೆ ವಾದ ಮಾಡಿದರು. ದೋಣಿ ಒಂದೇ, ಅವನೂ ಮುಳುಗ್ತಾನೆ ಅಂತ ಅಜ್ಜಿ. ಅವನು ಸಾಯಲ್ಲ ಅಂತ ಇವರಿಗೆ ಗೊತ್ತು, ಸಿಟ್ಟು ಅದಕ್ಕೇ ಅಂತ ಅವಳ ಅಳಿಯ. ಆರು ತಿಂಗಳಲ್ಲಿ ಆ ವಚನದ ಬಗ್ಗೆ ನಾನು ಅಷ್ಟು ಯೋಚಿಸಿಯೇ ಇರಲಿಲ್ಲ. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು 1847ರಲ್ಲೇ ತುಳು ಹೊಸ ಒಡಂಬಡಿಕೆ ಅಚ್ಚು ಹಾಕಿದ್ದರು. ಅದನ್ನಾದರೂ ತೆರೆದು ನೋಡಿದ್ದರೆ ಎರಡು 'ನಾವು' ಕಣ್ಣಿಗೆ ಬೀಳುತ್ತಿದ್ದವು.

ಆದ್ದರಿಂದ ದಿನದ ಲೆಕ್ಕ ಬಿಡಿ. ಸಾಫ್ಟ್‌ವೇರ್ ಬೇಕಾದರೆ ಬೈಬಲ್ ಅನುವಾದಕ್ಕೆಂದೇ ಮಾಡಿದ ಪ್ಯಾರಾಟೆಕ್ಸ್ಟ್ ಇದೆ, ಅದು ದೊಡ್ಡ ವಿಷಯವೇ ಅಲ್ಲ. ನೀವು ಮಾಡಬೇಕು ಅಂದುಕೊಂಡಿರುವುದೇ ತಪ್ಪು. ಅನುವಾದ ಅವರು ಮಾಡಲಿ, ನೀವು ಪಕ್ಕದಲ್ಲಿ ಕೂತು ಬರೆದುಕೊಳ್ಳಿ. ಕನ್ನಡ ಬರುವ ಹುಡುಗರನ್ನು ಜಾಸ್ತಿ ನಂಬಬೇಡಿ, ನೀವು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತಾರೆ. ಕನ್ನಡ ಬಾರದ ಅಜ್ಜಿಗೆ ಓದಿ ಹೇಳಿ, ಆಮೇಲೆ ಸುಮ್ನೆ ಕೂತು ಅದೇ ಕಥೆಯನ್ನು ಅವಳ ಬಾಯಲ್ಲಿ ಕೇಳಿ.

ಎರಡನೇ ಸಲ ಅಚ್ಚು ಹಾಕಿದಾಗ ಅಜ್ಜಿಯ 'ನಾವು' ಗೆದ್ದಿತು. ಅಳಿಯ ಇನ್ನೂ ಒಪ್ಪಿಲ್ಲ.