ಪ್ರಗತಿಪರ ಸರ್ಕಾರವನ್ನು ಅದು ಮಾಡಿದ ಖರ್ಚಿನಿಂದ ಏಕೆ ಅಳೆಯಬಾರದು?

ಮಂಜೂರಾದ ಹಣ ಉದ್ದೇಶವನ್ನಷ್ಟೇ ಹೇಳುತ್ತದೆ, ಜನರ ಬಳಕೆಗೆ ಏನು ಸಿಕ್ಕಿತು ಎಂಬುದನ್ನಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲಾಸ್ ಏಂಜಲೀಸ್–ಸ್ಯಾನ್ ಫ್ರಾನ್ಸಿಸ್ಕೊ ಹೈಸ್ಪೀಡ್ ರೈಲಿಗೆಂದು 2008ರಲ್ಲಿ ಮತದಾರರು 900 ಕೋಟಿ ಡಾಲರ್ ಬಾಂಡ್ ಸಾಲಕ್ಕೆ ಒಪ್ಪಿದರು. 2020ಕ್ಕೆ ಓಡಬೇಕಿದ್ದ ರೈಲು ಆ ಗಡುವಿಗೆ ಓಡಲಿಲ್ಲ. ಸುಮಾರು 3,300 ಕೋಟಿ ಡಾಲರ್ ಇದ್ದ ಅಂದಾಜು ವೆಚ್ಚ 10,000 ಕೋಟಿ ದಾಟಿತು.

ಹಣ ಸಾಲದಾಗಿದ್ದೂ ನಿಜ. ಆದರೆ ಪರಿಸರ ಪರಿಶೀಲನೆ, ಭೂಸ್ವಾಧೀನ, ದಾವೆ ಹೀಗೆ ಪ್ರತಿ ಹಂತದಲ್ಲೂ ಕೆಲಸ ತಡೆಯಬಲ್ಲವರು ಹಲವರು, ಮುಗಿಸುವ ಹೊಣೆ ಹೊತ್ತವರು ಕಡಿಮೆ. ಜಮೀನು ಕೈಗೆ ಬರುವ ಮೊದಲೇ ಗುತ್ತಿಗೆ ಕೊಟ್ಟಿದ್ದರಿಂದ, ವಿಳಂಬಕ್ಕಾಗಿ ಗುತ್ತಿಗೆದಾರರಿಗೂ ಪರಿಹಾರ ತೆರಬೇಕಾಯಿತು. ಆ ವೆಚ್ಚವೂ ಲೆಕ್ಕದಲ್ಲಿ ‘ಹೂಡಿಕೆ’ಯಾಗಿಯೇ ಕಾಣುತ್ತದೆ! ಹಾಗಾಗಿ ಕೇಳಬೇಕಾದದ್ದು: ಎಷ್ಟು ಕಿಲೋಮೀಟರ್ ಸೇವೆಯಲ್ಲಿದೆ, ಒಪ್ಪಿಗೆಯಿಂದ ಬಳಕೆಗೆ ಎಷ್ಟು ವರ್ಷ ಹಿಡಿಯಿತು, ಕಿಲೋಮೀಟರಿಗೆ ಎಷ್ಟು ಖರ್ಚಾಯಿತು.