ಅರೇಕಾ ಪಾಮ್‌ಗೆ ದಿನಾ ಒಂದು ಲೋಟ ನೀರು ಹಾಕಿದರೆ ಸಾಕಾ?

ಕೋಲಾರದ ಮನೆ, ಹಾಲ್‌ನಲ್ಲಿ 10 ಇಂಚಿನ ಪಾಟ್, ದಿನಾ ಬೆಳಿಗ್ಗೆ ಒಂದು ಲೋಟ ಬೋರ್‌ವೆಲ್ ನೀರು. ಆದರೂ ಗರಿಗಳ ತುದಿ ಒಣಗುತ್ತಿದೆ, ನೀರು ಜಾಸ್ತಿ ಮಾಡಲಾ ಅಂತ ಕೇಳಿದ್ದೀರಿ. ಜಾಸ್ತಿ ಮಾಡುವ ಮಾತು ಆಮೇಲೆ. ಮೊದಲು ಆ ದಿನದ ಲೋಟ ನಿಲ್ಲಿಸಿ.

ಒಂದು ಲೋಟ ನೀರು ಮೇಲಿನ ಎರಡು ಇಂಚು ಮಣ್ಣನ್ನಷ್ಟೇ ನೆನೆಸುತ್ತದೆ. ನೀರು ಆರಿಹೋಗುತ್ತದೆ, ಅದರಲ್ಲಿ ಕರಗಿದ್ದ ಉಪ್ಪು ಉಳಿಯುತ್ತದೆ. ತಳದ ತೂತಿನಿಂದ ಹನಿಯೂ ಬೀಳದಿದ್ದರೆ ಆ ಉಪ್ಪಿಗೆ ಹೊರಗೆ ಹೋಗಲು ದಾರಿಯಿಲ್ಲ. ಪಾಟ್‌ನ ಒಳ ಅಂಚು ನೋಡಿ, ಗೀಸರ್ ಕಾಯಿಲ್‌ಗೆ ಕಟ್ಟುವಂಥ ಬಿಳಿ ಪೊರೆ ಇದ್ದರೆ ಅದೇ ಇದು. ಜೊತೆಗೆ ನಮ್ಮ ಜಿಲ್ಲೆಯ ಎಷ್ಟೋ ಕಡೆ ಬೋರ್ ನೀರಲ್ಲಿ ಫ್ಲೋರೈಡೂ ಹೆಚ್ಚು. ಅದು ನೀರಿನ ಜೊತೆ ಗರಿಯ ತುದಿಗೆ ಹೋಗಿ ಅಲ್ಲೇ ಸೇರಿಕೊಂಡು ಸುಡುತ್ತದೆ. ಕುದಿಸಿದರೂ ಹೋಗಲ್ಲ, ರಾತ್ರಿಯೆಲ್ಲ ಬಕೆಟ್‌ನಲ್ಲಿ ಬಿಟ್ಟರೂ ಹೋಗಲ್ಲ.

ಈ ಭಾನುವಾರ ಪಾಟನ್ನು ಬಚ್ಚಲಿಗೆ ಒಯ್ದು, ಬಿಳಿ ಪೊರೆಯಿರುವ ಕಾಲು ಇಂಚು ಮಣ್ಣು ಕೆರೆದು ಎಸೆಯಿರಿ. ನಂತರ 15ರಿಂದ 20 ಲೀಟರ್ ನೀರನ್ನು ನಿಧಾನವಾಗಿ, ನಾಲ್ಕೈದು ಸಲಕ್ಕೆ ಹಂಚಿ ಹೊಯ್ಯಿರಿ. ಪಾಟ್‌ನ ಗಾತ್ರದ ಎರಡರಷ್ಟು ನೀರು ಹರಿದರೆ ಉಪ್ಪು ತೊಳೆದುಹೋಗುತ್ತದೆ. ಸಾಧ್ಯವಾದರೆ ಕೊನೆಯ ಐದು ಲೀಟರ್ ಮಳೆನೀರೇ ಇರಲಿ. ಮೂರ್ನಾಲ್ಕು ತಿಂಗಳಿಗೊಮ್ಮೆ ಇದನ್ನೇ ಮಾಡಿ.

ಇನ್ನು ಮಾಮೂಲಿ ನೀರು. ಬೆರಳನ್ನು ಎರಡು ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ. ತಂಪು ಹತ್ತಿದರೆ ಬೇಡ. ಒಣಗಿದ್ದರೆ ತಳದಿಂದ ಇಳಿಯುವವರೆಗೆ ಹಾಕಿ, ನಿಮ್ಮ ಪಾಟ್‌ಗೆ ಸುಮಾರು ಒಂದೂವರೆ–ಎರಡು ಲೀಟರ್ ಬೇಕಾಗುತ್ತದೆ. ಅರ್ಧ ಗಂಟೆ ಬಿಟ್ಟು ಅಡಿತಟ್ಟೆಯ ನೀರು ಚೆಲ್ಲಿ. ಮಾರ್ಚ್–ಮೇನಲ್ಲಿ ಇದು ನಾಲ್ಕೈದು ದಿನಕ್ಕೊಮ್ಮೆ ಬರಬಹುದು, ಚಳಿಗಾಲದಲ್ಲಿ ಎಂಟು–ಹತ್ತು ದಿನಕ್ಕೆ. ಕ್ಯಾಲೆಂಡರ್ ನಂಬಬೇಡಿ, ಬೆರಳು ನಂಬಿ. ಪಾಟ್‌ನಲ್ಲಿ ಬರೀ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಇದ್ದರೆ ಬೆರಳೂ ಮೋಸ ಮಾಡುತ್ತದೆ, ಮೇಲೆ ಒಣಗಿ ತಳದಲ್ಲಿ ಕೆಸರಾಗಿರುತ್ತದೆ. ಆಗ ಪಾಟ್ ಎತ್ತಿ ಭಾರ ನೋಡಿ.

ಹಾಕಿದ ನೀರು ಕ್ಷಣದಲ್ಲೇ ಕೆಳಗೆ ಬಂದರೆ ಖುಷಿಪಡಬೇಡಿ. ಕೆಂಪುಮಣ್ಣು ಒಣಗಿ ಬಿಗಿದು ಅಂಚು ಬಿಟ್ಟಿರುತ್ತದೆ, ನೀರು ಆ ಸಂದಿಯಲ್ಲಿ ಜಾರಿಹೋಗುತ್ತದೆ, ಬೇರಿಗೆ ಸಿಗಲ್ಲ. ಪಾಟನ್ನು ಅರ್ಧ ಬಕೆಟ್ ನೀರಲ್ಲಿ ಮುಕ್ಕಾಲು ಗಂಟೆ ಕೂರಿಸಿ. ಇದನ್ನು ಅಭ್ಯಾಸ ಮಾಡಿಕೊಳ್ಳಬೇಡಿ, ಕೆಳಗಿನಿಂದ ನೀರು ಏರಿದಾಗ ಉಪ್ಪೂ ಮೇಲಕ್ಕೇ ಬರುತ್ತದೆ.

ಯಾವ ನೀರು? ಮಳೆನೀರು ಉತ್ತಮ. ತಾರಸಿಯ ಮೊದಲ ಮಳೆ ಬಿಟ್ಟು ಡ್ರಮ್‌ನಲ್ಲಿ ಹಿಡಿದು ಮುಚ್ಚಿಡಿ. ಇಲ್ಲದಿದ್ದರೆ ಎಸಿಯಿಂದ ತೊಟ್ಟಿಕ್ಕುವ ನೀರು, ಅಥವಾ ಆರ್‌ಒ ಫಿಲ್ಟರ್‌ನ ಕುಡಿಯುವ ನೀರು ಅರ್ಧ, ಬೋರ್ ನೀರು ಅರ್ಧ. ಆರ್‌ಒ ಯಂತ್ರದ ವೇಸ್ಟ್ ನೀರು ಬೇಡವೇ ಬೇಡ, ಅದರಲ್ಲಿ ಉಪ್ಪು ಬೋರ್ ನೀರಿಗಿಂತ ಗಟ್ಟಿ. ಗಡಸು ನೀರನ್ನು ಮೆದು ಮಾಡುವ ಸಾಫ್ಟ್‌ನರ್ ನೀರೂ ಬೇಡ, ಅದರಲ್ಲಿ ಸೋಡಿಯಂ. ಗೊಬ್ಬರದಲ್ಲಿ ಸೂಪರ್ ಫಾಸ್ಫೇಟ್ ಬಿಡಿ, ಅದರಲ್ಲೂ ಫ್ಲೋರೈಡ್ ಇರುತ್ತದೆ.

ಒಂದು ಎಚ್ಚರಿಕೆ: ಕೆಳಗಿನ ಗರಿಗಳು ಪೂರ್ತಿ ಹಳದಿಯಾಗಿ, ಬುಡ ಮೆತ್ತಗಾಗಿ ಮಣ್ಣು ಹುಳಿ ವಾಸನೆ ಬಂದರೆ ಅದು ಉಪ್ಪಲ್ಲ, ಬೇರು ಕೊಳೆತ. ಆಗ ಮೇಲೆ ಹೇಳಿದ ತೊಳೆಯುವ ಕೆಲಸ ಮಾಡಬೇಡಿ. ಗಿಡ ಹೊರತೆಗೆದು ಕೊಳೆತ ಬೇರು ಕತ್ತರಿಸಿ, ದಪ್ಪ ಮರಳು ಬೆರೆಸಿದ ಹೊಸ ಮಣ್ಣಿಗೆ ಹಾಕಿ.

ಸುಟ್ಟ ತುದಿ ಮತ್ತೆ ಹಸಿರಾಗಲ್ಲ. ಕತ್ತರಿಸುವುದಾದರೆ ಕಂದು ಅಂಚು ಒಂದೆಳೆ ಉಳಿಸಿ ಕತ್ತರಿಸಿ. ಸರಿಹೋಯಿತೋ ಇಲ್ಲವೋ ಅನ್ನುವುದು ಹೊಸ ಸುಳಿ ಬಿಚ್ಚಿದಾಗ ಅದರ ತುದಿಯಲ್ಲಿ ಗೊತ್ತಾಗುತ್ತದೆ.