ಆರ್‌ವಿಯಲ್ಲಿ ನಾಯಿಯನ್ನು ಕರೆದುಕೊಂಡು ಹೋದರೆ ಪ್ರಯಾಣದ ಒಂದು ದಿನ ಹೇಗಿರುತ್ತದೆ?

ಎಂಟು ವರ್ಷದ ನಾಯಿಯನ್ನು ಕರೆದುಕೊಂಡು ಬಾಡಿಗೆ ಆರ್‌ವಿಯಲ್ಲಿ, ಅಂದರೆ ಮನೆಯಂತೆ ವಾಸಿಸಬಹುದಾದ ವಾಹನದಲ್ಲಿ, ಅಮೆರಿಕದ ಅರಿಜೋನಾ ರಾಜ್ಯದ ಕಡೆ ಹೊರಡಬೇಕೆಂದಿದ್ದೀರಿ, ದಿನ ಹೇಗೆ ಸಾಗುತ್ತದೆ ಮತ್ತು ನಾಯಿಗೆ ಹಿಂಸೆಯಾಗುವುದಿಲ್ಲವೇ ಎಂದು ಕೇಳಿದ್ದೀರಿ. ನಾವು ಫೀನಿಕ್ಸ್ ಹತ್ತಿರ ವಾಸವಾಗಿದ್ದು, ಬೆಲ್ಲ ಎಂಬ ಹೆಸರಿನ ನಮ್ಮ ಹೆಣ್ಣು ನಾಯಿಯೊಂದಿಗೆ ಆರು ವರ್ಷಗಳಿಂದ ಹೀಗೆ ತಿರುಗಾಡುತ್ತಿದ್ದೇವೆ. ನೋಡಬೇಕಾದ ಸ್ಥಳಗಳ ಪಟ್ಟಿ ಹಿಡಿದು ದಿನವನ್ನು ಯೋಜಿಸಿದರೆ ನಾಯಿಗೆ ಖಂಡಿತ ಹಿಂಸೆಯಾಗುತ್ತದೆ. ಅದರ ಮೈ ಎಷ್ಟು ಬಿಸಿಲು ತಾಳುತ್ತದೆ, ಎಷ್ಟು ಹೊತ್ತು ಕುಳಿತಿರಬಲ್ಲದು ಎಂಬುದನ್ನು ಮೊದಲು ಲೆಕ್ಕ ಹಾಕಿ ಉಳಿದದ್ದನ್ನು ಅದಕ್ಕೆ ಹೊಂದಿಸಿಕೊಂಡರೆ ಹಿಂಸೆಯಾಗುವುದಿಲ್ಲ. ಕಳೆದ ಸೆಪ್ಟೆಂಬರಿನಲ್ಲಿ ಅರಿಜೋನಾದ ಫ್ಲ್ಯಾಗ್‌ಸ್ಟಾಫ್‌ನಿಂದ ಪಕ್ಕದ ರಾಜ್ಯ ನ್ಯೂ ಮೆಕ್ಸಿಕೋದ ಗ್ಯಾಲಪ್‌ವರೆಗೆ ಹೋದ ಒಂದು ದಿನವನ್ನೇ ಉದಾಹರಣೆಯಾಗಿ ಹೇಳುತ್ತೇನೆ.

ಫ್ಲ್ಯಾಗ್‌ಸ್ಟಾಫ್ ಸುಮಾರು 7,000 ಅಡಿ ಎತ್ತರದಲ್ಲಿರುವುದರಿಂದ ಬೆಳಗಿನ ಜಾವ ಅಲ್ಲಿ ಒಳ್ಳೆಯ ಚಳಿಯಿರುತ್ತದೆ. ಆರು ಗಂಟೆಗೆ ಎದ್ದು, ಪೈನ್ ಮರಗಳ ನಡುವೆ ಮುಕ್ಕಾಲು ಗಂಟೆ ಬೆಲ್ಲಳನ್ನು ನಡೆಸಿದೆವು. ದಿನದ ನಿಜವಾದ ನಡಿಗೆ ಇದೇ. ಮುಂದಿನವೆಲ್ಲ ಚಿಕ್ಕ ಚಿಕ್ಕ ವಿರಾಮಗಳು. ಪ್ರಯಾಣದ ದಿನ ಬೆಳಿಗ್ಗೆ ಅವಳಿಗೆ ಅರ್ಧ ಹೊಟ್ಟೆ ಆಹಾರ ಮಾತ್ರ ಕೊಡುತ್ತೇವೆ, ಏಕೆಂದರೆ ತುಂಬಿದ ಹೊಟ್ಟೆಯಲ್ಲಿ ಹೊರಟರೆ ವಾಂತಿ ಮಾಡಿಕೊಳ್ಳುತ್ತಾಳೆ. ಆಮೇಲೆ ಕರೆಂಟಿನ ಕೇಬಲ್, ನೀರಿನ ಪೈಪು, ಕೊಳಕು ನೀರಿನ ಟ್ಯಾಂಕು ಇವುಗಳ ಕೆಲಸ ಮುಗಿಸಿ ಏಳೂವರೆಗೆ ಹೊರಟೆವು.

ನಮ್ಮದು 24 ಅಡಿ ಉದ್ದದ ಕ್ಲಾಸ್ ಸಿ ವಾಹನ, ಅಂದರೆ ಚಾಲಕನ ಸೀಟೂ ಹಿಂದಿನ ಮನೆಯೂ ಒಂದೇ ಒಡಲಿನಲ್ಲಿವೆ. ಕಾರಿನ ಹಿಂದೆ ಎಳೆಯುವ ಟ್ರೇಲರ್ ಆದರೆ ನಾಯಿಯನ್ನು ಯಾವ ಕಾರಣಕ್ಕೂ ಅದರೊಳಗೆ ಬಿಡಬೇಡಿ, ಕಾರಿನಲ್ಲೇ ಕೂರಿಸಿಕೊಳ್ಳಿ. ಬೆಲ್ಲಳಿಗೆ ಹಾರ್ನೆಸ್ (ಎದೆಪಟ್ಟಿ) ತೊಡಿಸಿ, ಊಟದ ಮೇಜಿನ ಪಕ್ಕದ ಬೆಂಚಿನ ಸೀಟ್ ಬೆಲ್ಟಿಗೆ ಸಿಕ್ಕಿಸುತ್ತೇವೆ. ಮೊದಲ ಪ್ರಯಾಣದಲ್ಲಿ ಅವಳು ದಾರಿಯುದ್ದಕ್ಕೂ ನಡುಗುತ್ತಲೇ ಇದ್ದಳು. ವಾಹನದ ಕುಲುಕಾಟಕ್ಕೆ ಹೆದರುತ್ತಾಳೆಂದು ನಾವು ತಿಳಿದಿದ್ದೆವು, ಆದರೆ ಕಪಾಟಿನೊಳಗೆ ಒಂದಕ್ಕೊಂದು ತಾಗಿ ಝಣಝಣಿಸುತ್ತಿದ್ದ ನಮ್ಮ ಸ್ಟೀಲ್ ತಟ್ಟೆ ಲೋಟಗಳ ಸದ್ದಿಗೆ ಅವಳು ಹೆದರುತ್ತಿದ್ದಳೆಂದು ಎರಡನೆಯ ದಿನ ನನ್ನ ಹೆಂಡತಿ ಕಂಡುಹಿಡಿದಳು. ಪ್ರತಿಯೊಂದು ತಟ್ಟೆಯ ನಡುವೆ ಹಳೆಯ ಬಟ್ಟೆ ಹಾಸಿ ಇಟ್ಟ ಮೇಲೆ ಅರ್ಧ ಗಂಟೆಯೊಳಗೆ ಗಲ್ಲವನ್ನು ಬೆಂಚಿನ ಅಂಚಿಗೆ ಊರಿ ನಿದ್ದೆ ಹೋದಳು. ನೀವು ಹೊರಡುವ ಮೊದಲು ಖಾಲಿ ರಸ್ತೆಯಲ್ಲಿ ಒಬ್ಬರು ವಾಹನ ಓಡಿಸಿ, ಇನ್ನೊಬ್ಬರು ಹಿಂದೆ ಬೆಲ್ಟ್ ಹಾಕಿ ಕುಳಿತು ಯಾವುದು ಸದ್ದು ಮಾಡುತ್ತದೆ ಎಂದು ಕೇಳಿಸಿಕೊಳ್ಳಿ.

ದಾರಿಯಲ್ಲಿ ಸಿಗುವ ಹೋಲ್‌ಬ್ರೂಕ್ ಪಟ್ಟಣಕ್ಕೆ ಫ್ಲ್ಯಾಗ್‌ಸ್ಟಾಫ್‌ನಿಂದ 90 ಮೈಲಿ. ಅಲ್ಲಿಂದ ಹತ್ತೊಂಬತ್ತು ಇಪ್ಪತ್ತು ಮೈಲಿ ದೂರದಲ್ಲಿ ಪೆಟ್ರಿಫೈಡ್ ಫಾರೆಸ್ಟ್ ರಾಷ್ಟ್ರೀಯ ಉದ್ಯಾನದ ದಕ್ಷಿಣ ದ್ವಾರ. ಈ ದಾರಿಯನ್ನು ನಾನು ಬೇಕೆಂದೇ ಆರಿಸಿಕೊಂಡೆ. ಅಮೆರಿಕದ ಬಹುತೇಕ ರಾಷ್ಟ್ರೀಯ ಉದ್ಯಾನಗಳಲ್ಲಿ ಕಾಲುದಾರಿಗೆ ನಾಯಿಯನ್ನು ಬಿಡುವುದಿಲ್ಲ: ಆರ್ಚಸ್‌ನಲ್ಲಿ ಯಾವ ದಾರಿಗೂ ಇಲ್ಲ, ಝಯಾನ್‌ನಲ್ಲಿ ಒಂದೇ ಒಂದು ದಾರಿಗೆ ಉಂಟು, ಗ್ರ್ಯಾಂಡ್ ಕ್ಯಾನಿಯನ್ನಿನ ದಕ್ಷಿಣ ಅಂಚಿನಲ್ಲಿ ಮೇಲೆ ನಡೆಸಬಹುದು, ಕಣಿವೆಯೊಳಗೆ ಇಳಿಸುವಂತಿಲ್ಲ. ಪೆಟ್ರಿಫೈಡ್ ಫಾರೆಸ್ಟ್‌ನಲ್ಲಿ ಮಾತ್ರ ಆರು ಅಡಿಗಿಂತ ಉದ್ದವಲ್ಲದ ಲೀಶ್ (ನಾಯಿಯನ್ನು ಹಿಡಿದುಕೊಳ್ಳುವ ಹಗ್ಗ) ಇದ್ದರೆ ಕಟ್ಟಡಗಳನ್ನು ಬಿಟ್ಟು ಡಾಂಬರು ಹಾಕಿದ ಎಲ್ಲ ಕಾಲುದಾರಿಗಳಲ್ಲೂ ನಾಯಿ ನಮ್ಮ ಜೊತೆ ಬರಬಹುದು. ಹತ್ತು ಗಂಟೆಯ ಹೊತ್ತಿಗೆ ಮುಕ್ಕಾಲು ಮೈಲಿಯ ಕ್ರಿಸ್ಟಲ್ ಫಾರೆಸ್ಟ್ ಸುತ್ತು ಹಾಕಿದೆವು. ಇಪ್ಪತ್ತು ಕೋಟಿಗೂ ಹೆಚ್ಚು ವರ್ಷಗಳ ಹಿಂದೆ ಹೂತುಹೋಗಿ ಕಲ್ಲಾದ ಮರದ ದಿಮ್ಮಿಗಳು ಅಲ್ಲಿ ಕೆಂಪು, ಹಳದಿ, ನೇರಳೆ ಬಣ್ಣಗಳಲ್ಲಿ ಬಿದ್ದುಕೊಂಡಿವೆ; ಬೆಲ್ಲ ಒಂದೊಂದನ್ನೂ ಮೂಸಿ, ಮರವೆಂದು ಒಪ್ಪಿಕೊಳ್ಳದೆ ಮುಂದೆ ನಡೆದಳು. ಆ ದಾರಿಯಲ್ಲಿ ನೆರಳೆಂಬುದೇ ಇಲ್ಲ. ನಾಯಿಯನ್ನು ಇಳಿಸುವ ಮೊದಲು ಕೈಯ ಹಿಂಭಾಗವನ್ನು ಡಾಂಬರಿನ ಮೇಲೆ ಏಳು ಸೆಕೆಂಡು ಒತ್ತಿ ನೋಡಿ. ನಿಮಗೆ ತಾಳಲಾಗದಿದ್ದರೆ ಅದರ ಪಾದಕ್ಕೂ ತಾಳಲಾಗದು.

ನೀವು ಮುಖ್ಯವಾಗಿ ತಿಳಿಯಬೇಕಾದದ್ದು ಸೆಕೆಯ ವಿಷಯ. ಹೊರಗೆ 21 ಡಿಗ್ರಿ ಸೆಲ್ಸಿಯಸ್ ಹಿತವಾಗಿದ್ದಾಗಲೂ ಮುಚ್ಚಿದ ಕಾರಿನೊಳಗೆ ಅರ್ಧ ಗಂಟೆಯಲ್ಲಿ 40 ಡಿಗ್ರಿ ಮುಟ್ಟುತ್ತದೆ. ಆರ್‌ವಿ ದೊಡ್ಡದು, ಮೇಲೆ ಎ.ಸಿ. ಇದೆ ಎಂಬ ಧೈರ್ಯ ಸಾಲದು. ಮೂರು ವರ್ಷಗಳ ಹಿಂದೆ ಜೂನ್ ತಿಂಗಳ ಒಂದು ಮಧ್ಯಾಹ್ನ, ಕ್ಯಾಂಪ್‌ಗ್ರೌಂಡಿನ, ಅಂದರೆ ಆರ್‌ವಿಗಳು ತಂಗುವ ಜಾಗದ, 30 ಆಂಪಿಯರ್ ವಿದ್ಯುತ್ ಸಂಪರ್ಕಕ್ಕೆ ಗಾಡಿ ಜೋಡಿಸಿ, ಎ.ಸಿ. ಹಾಕಿ, ಬೆಲ್ಲಳನ್ನು ಒಳಗೆ ಬಿಟ್ಟು ನಾವು ದಿನಸಿ ತರಲು ಹೋದೆವು. 30 ಆಂಪಿಯರ್ ಎಂದರೆ 120 ವೋಲ್ಟಿನಲ್ಲಿ 3,600 ವಾಟ್. ಎ.ಸಿ.ಗೆ ಸುಮಾರು 1,500, ನೀರು ಕಾಯಿಸುವ ಹೀಟರಿಗೆ 1,400, ನಾನು ಅನ್ನಕ್ಕಿಟ್ಟು ಹೋಗಿದ್ದ ಕುಕ್ಕರಿಗೆ 700. ಇದರ ಮೇಲೆ ಫ್ರಿಜ್ ಬೇರೆ. ಹೊರೆ ಮೀರಿ ಬ್ರೇಕರ್ ಬಿದ್ದು ಎ.ಸಿ. ನಿಂತುಹೋಗಿತ್ತು. ನಲವತ್ತು ನಿಮಿಷದ ನಂತರ ಬಾಗಿಲು ತೆರೆದಾಗ ಅವಳು ಮೆಟ್ಟಿಲ ಹತ್ತಿರ, ಬಾಗಿಲ ಸಂದಿಗೆ ಮೂಗು ಒತ್ತಿಕೊಂಡು ಮಲಗಿದ್ದಳು, ನಾಲಿಗೆ ಕಡುಗೆಂಪಾಗಿತ್ತು, ನಮ್ಮನ್ನು ಕಂಡರೂ ಏಳಲಿಲ್ಲ. ಮೈಗೆ ನೀರು ಸುರಿದು, ಗಾಳಿ ಹಾಕುತ್ತಾ ಪಶುವೈದ್ಯರ ಬಳಿಗೆ ಓಡಿದೆವು; ಉಳಿದಳು. ತಪ್ಪು ನನ್ನದೇ. ಅಂದಿನಿಂದ ಒಳಗಿನ ಉಷ್ಣತೆಯನ್ನು ಫೋನಿಗೆ ತಿಳಿಸುವ ಉಪಕರಣ ಇಟ್ಟಿದ್ದೇವೆ, ಆದರೆ ಸಿಗ್ನಲ್ ಇಲ್ಲದ ಕಡೆ ಅದು ಮೂಕ. ಹಾಗಾಗಿ ಬೇಸಿಗೆಯಲ್ಲಿ ಒಬ್ಬರು ನಾಯಿಯ ಜೊತೆ ಉಳಿಯುವುದೇ ನಮ್ಮ ನಿಯಮ.

ಉದ್ಯಾನದ 28 ಮೈಲಿ ರಸ್ತೆಯನ್ನು ನಿಧಾನವಾಗಿ ಮುಗಿಸಿ, ಉತ್ತರ ದ್ವಾರದ ಬಳಿ ಗಾಡಿ ನಿಲ್ಲಿಸಿ ಮೊಸರನ್ನ ತಿಂದೆವು. ನಿಂತಲ್ಲಿ ಎ.ಸಿ. ನಡೆಯಬೇಕಾದರೆ ಜನರೇಟರ್ ಬೇಕು, ಮತ್ತು ನಮ್ಮಂಥ ಗಾಡಿಗಳಲ್ಲಿ ಪೆಟ್ರೋಲು ಟ್ಯಾಂಕಿನ ಕಾಲು ಭಾಗಕ್ಕೆ ಇಳಿದರೆ ಜನರೇಟರ್ ತಾನಾಗಿಯೇ ನಿಲ್ಲುತ್ತದೆ. ಆದ್ದರಿಂದ ನಾವು ಅರ್ಧಕ್ಕೆ ಇಳಿಯುವ ಮೊದಲೇ ತುಂಬಿಸುತ್ತೇವೆ. ಗ್ಯಾಲಪ್‌ಗೆ ಇನ್ನು 70 ಮೈಲಿಯಷ್ಟು ದಾರಿ. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಪದ್ಧತಿಯನ್ನು ಅರಿಜೋನಾ ಪಾಲಿಸದ ಕಾರಣ ಗಡಿ ದಾಟಿದೊಡನೆ ಒಂದು ಗಂಟೆ ಕೈತಪ್ಪುತ್ತದೆ, ಕ್ಯಾಂಪ್‌ಗ್ರೌಂಡಿನ ಕಚೇರಿ ಮುಚ್ಚುವ ವೇಳೆಯನ್ನು ಅದರಂತೆ ಲೆಕ್ಕ ಹಾಕಿಕೊಳ್ಳಿ. ಅಲ್ಲಿನ ಸಮಯ ಮೂರೂವರೆಗೆ ತಲುಪಿದೆವು. ದಿನದ ಒಟ್ಟು ದಾರಿ ಸುಮಾರು 200 ಮೈಲಿ. ಇದಕ್ಕಿಂತ ಹೆಚ್ಚು ಓಡಿಸಿದ ದಿನಗಳಲ್ಲಿ ಬೆಲ್ಲ ರಾತ್ರಿ ಊಟ ಮುಟ್ಟುವುದಿಲ್ಲ.

ಸಂಜೆ ನಡಿಗೆಯಲ್ಲಿ ಅವಳು ಕುಂಟತೊಡಗಿದಳು. ಪಾದ ಎತ್ತಿ ನೋಡಿದರೆ ಬೆರಳ ಸಂದಿನಲ್ಲಿ ನೆಗ್ಗಿಲು ಮುಳ್ಳು. ನಮ್ಮೂರ ಹೊಲದ ಬದುಗಳಲ್ಲಿ ಬರಿಗಾಲಿಗೆ ಚುಚ್ಚುತ್ತಿದ್ದ ಅದೇ ಗಿಡ ಇಲ್ಲಿನ ಒಣನೆಲದಲ್ಲೂ ಹಬ್ಬಿದೆ, ಇಲ್ಲಿಯವರು ಅದನ್ನು ಗೋಟ್‌ಹೆಡ್ ಎನ್ನುತ್ತಾರೆ. ಮೆಟ್ಟಿಲ ಮೇಲೆ ಕುಳಿತು, ಅವಳ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಚಿಮಟದಿಂದ ಮೂರು ಮುಳ್ಳು ತೆಗೆದೆ. ಚಿಮಟವೊಂದನ್ನು ಬಾಗಿಲ ಬಳಿಯೇ ಇಟ್ಟಿರಿ.

ಬಾಡಿಗೆಗೆ ಪಡೆಯುವ ಮೊದಲು ನಾಯಿಗೆ ಅನುಮತಿ ಇದೆಯೇ, ಶುಚಿ ಮಾಡುವ ಶುಲ್ಕ ಎಷ್ಟು ಎಂಬುದನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ, ರೇಬೀಸ್ ಲಸಿಕೆಯ ಪ್ರಮಾಣಪತ್ರ ಜೊತೆಗಿರಲಿ. ಮೊದಲ ರಾತ್ರಿಯನ್ನು ನಿಮ್ಮ ಮನೆಯಿಂದ ಒಂದು ಗಂಟೆಯೊಳಗಿನ ಜಾಗದಲ್ಲಿ ಕಳೆಯಿರಿ. ನಾಯಿ ನಿದ್ದೆ ಮಾಡದಿದ್ದರೆ ಬೆಳಗಾಗುವ ಮೊದಲೇ ಮನೆಗೆ ಹಿಂತಿರುಗಬಹುದು.